ಇಚಿರೋಗೆ ಒಂದು ವೋಟು ಕಮ್ಮಿ: ಹಾಲ್ ಆಫ್ ಫೇಮ್ ಆಯ್ಕೆಗೆ ಇನ್ನೂ ತಲೆ ಕೆಡಿಸಿಕೊಳ್ಳುವವರು ಇದ್ದೀರಾ?

ಪ್ರಶ್ನೆ: ಕಿಗ್ಗಟ್ಟುನಾಡು ಮಾಸ್ಟರ್

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ಕಡೆಯವನು. ಮೂವತ್ತು ವರ್ಷ ಪಿ.ಟಿ. ಮಾಸ್ಟರ್ ಆಗಿದ್ದೆ. ಈಗ ಮೂರು ಎಕರೆ ರೊಬಸ್ಟಾ, ಎರಡು ನಾಯಿ. ಕೊಡಗಿನವನು ಹಾಕಿ ಬಿಟ್ಟು ಬೇಸ್‌ಬಾಲ್ ಬಗ್ಗೆ ಬರೆಯುತ್ತಾನಲ್ಲ ಅಂತ ನಗಬೇಡಿ. ತಪ್ಪು ಮಗಳದ್ದು. 2013ರಲ್ಲಿ ಬಾಣಂತನಕ್ಕೆ ಅಂತ ನಮ್ಮಿಬ್ಬರನ್ನೂ ನ್ಯೂಜೆರ್ಸಿಗೆ ಕರೆಸಿಕೊಂಡಳು. ಹೆಂಡತಿಗೆ ಕೈತುಂಬ ಕೆಲಸ, ನನಗೆ ಟಿವಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕ್‌ನ ಯಾಂಕೀಸ್ ತಂಡ ಆಡಿದ್ದನ್ನೆಲ್ಲ ನೋಡಿದೆ.

ಮೊದಲ ಎರಡು ವಾರ ಇದು ಸೂರ್ಯಕಾಂತಿ ಬೀಜ ಉಗುಳುವ ಆಟ ಅಂದುಕೊಂಡಿದ್ದೆ. ಆಮೇಲೆ ಆ ತಂಡದ ಜಪಾನಿ ಆಟಗಾರ ಇಚಿರೋ ಕಣ್ಣಿಗೆ ಬಿದ್ದ. 39 ವರ್ಷ ಆಗಿತ್ತು ಅವನಿಗೆ. ಬ್ಯಾಟನ್ನು ಮುಂದೆ ನೆಟ್ಟಗೆ ಹಿಡಿಯುತ್ತಿದ್ದ, ಇನ್ನೊಂದು ಕೈಯಲ್ಲಿ ಭುಜದ ಹತ್ತಿರ ಅಂಗಿ ಎಳೆದುಕೊಳ್ಳುತ್ತಿದ್ದ. ಪ್ರತಿ ಸಲವೂ ಅದೇ. ಚೆಂಡು ಬ್ಯಾಟಿಗೆ ತಗಲುವಾಗಲೇ ಅವನ ಕಾಲು ಓಡಲು ಶುರುವಾಗಿರುತ್ತಿತ್ತು. ಪಿ.ಟಿ. ಮಾಸ್ಟರ್ ಕಣ್ಣಿಗೆ ಇದಕ್ಕಿಂತ ಇನ್ನೇನು ಬೇಕು?

ಅದೇ ಸೆಪ್ಟೆಂಬರ್ 26ಕ್ಕೆ ಮರಿಯಾನೋ ರಿವೇರಾ ಯಾಂಕಿ ಸ್ಟೇಡಿಯಂನಲ್ಲಿ ಕೊನೆಯ ಸಲ ಚೆಂಡು ಎಸೆದ. ಅವನನ್ನು ಕರೆದುಕೊಂಡು ಹೋಗಲು ಮ್ಯಾನೇಜರ್ ಬರಲಿಲ್ಲ. ಜೊತೆಗೇ ಆಡಿದ ಜೀಟರ್ ಮತ್ತು ಪೆಟಿಟ್ ನಡೆದು ಬಂದರು. ರಿವೇರಾ ಪೆಟಿಟ್ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಟ. ಇಲ್ಲಿ ಸೋಫಾದಲ್ಲಿ ನಾನೂ. ಮಡಿಲಲ್ಲಿ ಐದು ತಿಂಗಳ ಮೊಮ್ಮಗ ಇದ್ದ, ಅವನೂ ಅತ್ತ, ಹಸಿವಿಗೆ.

ಈಗ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ರಿವೇರಾ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿ, ಸೇರಿದ. 425 ಪತ್ರಕರ್ತರು ವೋಟು ಹಾಕಿದ್ದರು, 425ಕ್ಕೆ 425 ಬಂತು. ಆ ಹಾಲ್‌ನ ಇತಿಹಾಸದಲ್ಲೇ ಮೊದಲ ಸಲ ಹೀಗಾಗಿದ್ದು. ಬೇಬ್ ರೂತ್‌ಗೂ ಎಲ್ಲ ವೋಟು ಸಿಕ್ಕಿರಲಿಲ್ಲ. ಸುದ್ದಿ ನೋಡಿದೆ, ಸರಿ ಅಂದೆ, ಕಾಫಿ ಕುಡಿದೆ. ಅಷ್ಟೇ. ಅಳುವುದನ್ನೆಲ್ಲ 2013ರಲ್ಲೇ ಅತ್ತು ಮುಗಿಸಿದ್ದೆ, ಆಯ್ಕೆಯಿಂದ ಹೊಸದಾಗಿ ಏನೂ ಬರಲಿಲ್ಲ.

ಆದರೆ 2025ರ ಜನವರಿಯಲ್ಲಿ ಇಚಿರೋ ಸರದಿ ಬಂತು. ಅಲ್ಲಿ ಸಂಜೆ ಆರಕ್ಕೆ ಹೇಳಿದರೆ ನಮಗೆ ಬೆಳಗಿನ ಜಾವ 4.30. ಹೇಗೂ ಕೊಯ್ಲಿನ ಕಾಲ, ಎದ್ದೇ ಇದ್ದೆ. ಆನೆ ಬಂದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ ಕಣಕ್ಕೆ ಇಳಿದೆ. ಹರಡಿದ್ದ ಕಾಫಿ ಮಂಜಿಗೆ ತಣ್ಣಗಿತ್ತು. ನೆಟ್‌ವರ್ಕ್ ಸಿಗುವುದು ಕಣದ ಆ ಮೂಲೆಯಲ್ಲಿ ಮಾತ್ರ. 394ರಲ್ಲಿ 393. ಒಬ್ಬ, ಒಬ್ಬನೇ ಒಬ್ಬ, ಇಚಿರೋ ಹೆಸರು ಬಿಟ್ಟಿದ್ದ! ನಾನು ಎಷ್ಟು ಜೋರಾಗಿ ಕೂಗಿದೆ ಅಂದರೆ ಹೆಂಡತಿ ಓಡಿ ಬಂದು "ಯಾರು ತೀರಿಕೊಂಡರು?" ಅಂದಳು.

ಗೆಲ್ಲಲು 75% ಸಾಕು. ಅವನಿಗೆ 99.7%. ಆದರೂ ನನಗೆ ಆ ದಿನವಿಡೀ ತಲೆ ಸರಿ ಇರಲಿಲ್ಲ. ಖುಷಿ ಕೊಡದ ಆಯ್ಕೆ ಕೋಪ ಮಾತ್ರ ಇಷ್ಟು ಕೊಡುತ್ತದೆ ಅಂದರೆ, ಅದು ಮುಖ್ಯ ಅಂತ ಅರ್ಥವಾ, ಅಥವಾ ನನಗೆ ವಯಸ್ಸಾಯ್ತು ಅಂತಲಾ? ನೀವೆಲ್ಲ ಏನಂತೀರಿ?

ಉತ್ತರ 1: ಚೆಟ್ಟಳ್ಳಿ ಚಿಟ್ಟೆ

ಮಾಸ್ಟ್ರೇ, ನಾನು ಬೆಂಗಳೂರಲ್ಲಿ ನೈಟ್ ಶಿಫ್ಟ್. ಅದಕ್ಕೇ ಬೇಸ್‌ಬಾಲ್ ನನ್ನ ಆಟ.

ಒಳಗೆ ಹೋದವರ ಬಗ್ಗೆ ನನಗೆ ಜಾಸ್ತಿ ಕುತೂಹಲ ಇಲ್ಲ. ಎಷ್ಟೋ ಪತ್ರಕರ್ತರು ತಮ್ಮ ಬ್ಯಾಲೆಟ್ಟನ್ನು ಮೊದಲೇ ಬಹಿರಂಗ ಮಾಡುತ್ತಾರೆ. ಅಭಿಮಾನಿಗಳು ಕೂತು ಒಂದೊಂದಾಗಿ ಲೆಕ್ಕ ಹಾಕುತ್ತಾರೆ. ಫಲಿತಾಂಶದ ದಿನ ಅರ್ಧ ಗುಟ್ಟು ಬಯಲಾಗಿರುತ್ತದೆ. ನಾನು ನೋಡುವುದು ಕೆಳಗಿನ ಸಾಲು. 5% ಬರದಿದ್ದರೆ ಆ ಆಟಗಾರನ ಹೆಸರು ಮುಂದಿನ ವರ್ಷದಿಂದ ಬ್ಯಾಲೆಟ್‌ನಲ್ಲೇ ಇರುವುದಿಲ್ಲ. ಎದುರಾಳಿಗಳ ಕಣ್ತಪ್ಪಿಸಿ ಓಡಿ 622 ಬೇಸ್ ಕದ್ದ ಕೆನ್ನಿ ಲಾಫ್ಟನ್‌ಗೆ 2013ರಲ್ಲಿ ಸಿಕ್ಕಿದ್ದು 3.2%. ಮೊದಲ ವರ್ಷವೇ ಔಟ್. ಒಬ್ಬರು ಹತ್ತು ಹೆಸರಿಗಿಂತ ಜಾಸ್ತಿ ಬರೆಯುವ ಹಾಗಿಲ್ಲ, ಆ ವರ್ಷ ದೊಡ್ಡ ಹೆಸರುಗಳ ನೂಕುನುಗ್ಗಲು. ಕಾಲ್ತುಳಿತಕ್ಕೆ ಸಿಕ್ಕ ಪಾಪ. ತಮಾಷೆ ಅಂದರೆ ಅಷ್ಟು ನೂಕುನುಗ್ಗಲಿನಲ್ಲೂ ಆ ಸಲ ಪತ್ರಕರ್ತರು ಒಬ್ಬರನ್ನೂ ಆರಿಸಲಿಲ್ಲ.

ಇಚಿರೋಗೆ ಒಂದು ವೋಟು ಕಮ್ಮಿ ಅಂತ ನೀವು ಅಳ್ತೀರಿ. ಲಾಫ್ಟನ್‌ಗೆ ಅಳುವವರು ಯಾರು?

ಉತ್ತರ 2: ಕುಶಾಲನಗರ ಲೆಗ್ ಸ್ಪಿನ್

ನನ್ನ ಉತ್ತರ: ಇಲ್ಲ. ಮುಖ್ಯ ಅಲ್ಲ.

ಕ್ರಿಕೆಟ್‌ಗೂ ಐಸಿಸಿ ಹಾಲ್ ಆಫ್ ಫೇಮ್ ಇದೆ, 2009ರಿಂದ. ಕುಂಬ್ಳೆ ಹತ್ತು ವಿಕೆಟ್ ತೆಗೆದದ್ದು ಯಾವಾಗ ಅಂತ ನಮ್ಮ ಬಸ್ ಸ್ಟ್ಯಾಂಡ್‌ನಲ್ಲಿ ಯಾರನ್ನಾದರೂ ಕೇಳಿ. 1999, ದೆಹಲಿ, ಪಾಕಿಸ್ತಾನ ಅಂತ ಬೀಡಾ ಅಗಿಯುತ್ತಲೇ ಹೇಳುತ್ತಾರೆ. ದ್ರಾವಿಡ್ ಈಡನ್‌ನಲ್ಲಿ ಎಷ್ಟು ಹೊಡೆದ? 180. ಹಾಲ್ ಆಫ್ ಫೇಮ್ ಸೇರಿದ್ದು ಯಾವಾಗ ಅಂತ ಕೇಳಿ, ಮುಖ ಮುಖ ನೋಡುತ್ತಾರೆ. ಕುಂಬ್ಳೆ 2015, ದ್ರಾವಿಡ್ 2018. ನಾನೂ ಈಗ ಹುಡುಕಿ ಬರೆದದ್ದೇ.

ಉತ್ತರ 3: ನಾಪೋಕ್ಲು ಲೆಫ್ಟ್ ಔಟ್

ಲೆಗ್ ಸ್ಪಿನ್ ಹೇಳಿದ್ದು ಅರ್ಧ ಸರಿ. ಕ್ರಿಕೆಟ್‌ನವರಿಗೆ ಯಾರು ಒಳಗೆ ಬಂದರು ಅಂತ ಗೊತ್ತಿಲ್ಲ, ಯಾಕೆಂದರೆ ಅಲ್ಲಿ ಜಗಳ ಇಲ್ಲ. ಬೇಸ್‌ಬಾಲ್‌ನವರು ಹತ್ತು ವರ್ಷ ಒಂದೇ ಹೆಸರಿಗೆ ಕಿತ್ತಾಡುತ್ತಾರೆ. ಜಗಳ ಇರುವ ಕಡೆ ಜನ ಇರುತ್ತಾರೆ.

ಆದರೆ ನನಗೆ ತಡೆಯಲಾಗದ್ದು ತಡ ಮಾಡುವುದು. ಪೀಟ್ ರೋಸ್ ವಿಷಯ ನೋಡಿ. 4,256 ಹಿಟ್, ಅಮೆರಿಕದ ಮೇಜರ್ ಲೀಗ್‌ನಲ್ಲಿ ಬೇರೆ ಯಾರೂ ಅಷ್ಟು ಹೊಡೆದಿಲ್ಲ. ಬೆಟ್ಟಿಂಗ್ ಮಾಡಿದ ಅಂತ 1989ರಲ್ಲಿ ಹೊರಗೆ ಹಾಕಿದರು. ಮಾಡಿದ್ದು ತಪ್ಪೇ, ನಾನೇನೂ ಸಮರ್ಥಿಸುತ್ತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸತ್ತ. 2025ರ ಮೇನಲ್ಲಿ ಕಮಿಷನರ್ ಹೇಳಿದರು, ನಿಷೇಧ ಸತ್ತವರಿಗೆ ಅನ್ವಯ ಆಗುವುದಿಲ್ಲ ಅಂತ! ಬದುಕಿದ್ದಾಗ ಬಾಗಿಲು ಹಾಕಿ, ತಿಥಿ ಆದ ಮೇಲೆ ಚಿಲಕ ತೆಗೆದರು.

ನಮ್ಮವರೇನು ಕಮ್ಮಿ? ಎಂ.ಪಿ. ಗಣೇಶ್ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹಾಕಿ ಕಂಚು ಗೆದ್ದದ್ದು 1972. ಅರ್ಜುನ 1973ರಲ್ಲಿ ಬಂತು, ಒಳ್ಳೆಯದು. ಪದ್ಮಶ್ರೀ ಬಂದದ್ದು 2020ಕ್ಕೆ. ಮಿಲ್ಖಾ ಸಿಂಗ್‌ಗೆ 2001ರಲ್ಲಿ ಅರ್ಜುನ ಕೊಡಲು ಹೋದಾಗ ಬೇಡ ಅಂದುಬಿಟ್ಟರು. ಅಂಥ ಗತ್ತು ಎಲ್ಲರಿಗೂ ಇರಬೇಕಿತ್ತು.

ಹಾಗೆ ನೋಡಿದರೆ ಕೊಡವ ಮನೆತನಗಳು ಆಡುವ ನಮ್ಮ ಕೌಟುಂಬಿಕ ಹಾಕಿಯೇ ಚೆಂದ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಮನೆತನ. 2024ರಲ್ಲಿ ನಮ್ಮೂರಲ್ಲೇ ನಡೆದಾಗ 360. ವೋಟು ಇಲ್ಲ, 75% ಇಲ್ಲ. ಒಲಿಂಪಿಕ್ಸ್ ಆಡಿದವನ ಪಕ್ಕದಲ್ಲೇ ಅವನ ಚಿಕ್ಕಮ್ಮ ಬ್ಯಾಕ್ ಆಡುತ್ತಾಳೆ. ನಮ್ಮ ಟೀಮಿನಲ್ಲಿ ನಾನು ಆಡುವುದು ಆಟ ಬರುತ್ತದೆ ಅಂತಲ್ಲ, ಹನ್ನೊಂದನೆಯವನು ಸಿಗುವುದಿಲ್ಲ ಅಂತ.

ಕಿಗ್ಗಟ್ಟುನಾಡು ಮಾಸ್ಟರ್:

ಚಿಟ್ಟೆ, ಲಾಫ್ಟನ್ ವಿಷಯದಲ್ಲಿ ಕಪಾಳಕ್ಕೆ ಹೊಡೆದ ಹಾಗೆ ಹೇಳಿದೆಯಮ್ಮ. ಅದೇ 2013ರ ಆಗಸ್ಟ್‌ನಲ್ಲಿ ಅಳಿಯ ನನ್ನನ್ನು ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ಗೆ ಕರೆದುಕೊಂಡು ಹೋಗಿದ್ದ. ಸಣ್ಣ ಊರು, ಒಂದು ಕೆರೆ, ಒಂದು ಮುಖ್ಯ ಬೀದಿ, ಬೀದಿ ತುಂಬ ಟೋಪಿ ಅಂಗಡಿ. ಬೇಸ್‌ಬಾಲ್ ಹುಟ್ಟಿದ್ದೇ ಇಲ್ಲಿ ಅನ್ನುವ ಕಟ್ಟುಕತೆಯಿಂದ ಬದುಕುತ್ತಿರುವ ಊರು, ಕಟ್ಟುಕತೆ ಅಂತ ಅವರಿಗೂ ಗೊತ್ತು. ಹಿಂದಿನ ವಾರ, ಪತ್ರಕರ್ತರಲ್ಲದ ಬೇರೊಂದು ಸಮಿತಿ ಆರಿಸಿ ಸೇರಿಸಿಕೊಂಡಿದ್ದ ಮೂವರೂ 1930ರ ದಶಕದಲ್ಲೇ ತೀರಿಕೊಂಡವರು. ಟೋಪಿ ಮಾರುವವನು "ಈ ವರ್ಷ ಬೋಣಿಯೇ ಇಲ್ಲ" ಅನ್ನುವ ಧಾಟಿಯಲ್ಲಿ ಕೂತಿದ್ದ. ಆಯ್ಕೆ ಯಾರಿಗೆ ಮುಖ್ಯ ಅಂತ ಅವನನ್ನು ಕೇಳಬೇಕಿತ್ತು.

2023ರಲ್ಲಿ ಮತ್ತೆ ಹೋದೆ, ಈ ಸಲ ಹತ್ತು ವರ್ಷದ ಮೊಮ್ಮಗನ ಜೊತೆ. ಅಲ್ಲಿ ಬ್ಯಾರಿ ಬಾಂಡ್ಸ್‌ನ 756ನೇ ಹೋಮ್ ರನ್ ಚೆಂಡು ಇದೆ. 2007ರಲ್ಲಿ ಹ್ಯಾಂಕ್ ಏರನ್ ದಾಖಲೆ ಮುರಿದ ಚೆಂಡು. ಅದನ್ನು ಒಬ್ಬ ಫ್ಯಾಷನ್ ಡಿಸೈನರ್ ಏಳೂವರೆ ಲಕ್ಷ ಡಾಲರ್ ಕೊಟ್ಟು ಕೊಂಡ. ಏನು ಮಾಡೋಣ ಅಂತ ಜನರ ವೋಟು ಕೇಳಿದ. ಆಮೇಲೆ ಅದರ ಮೇಲೆ ನಕ್ಷತ್ರದ ಗುರುತು ಕೊರೆಸಿ ಮ್ಯೂಸಿಯಂಗೆ ಕೊಟ್ಟ. ಔಷಧಿ ತಗೊಂಡು ಹೊಡೆದದ್ದು ಅನ್ನುವ ಅನುಮಾನದ ಗುರುತು ಅದು. ಮೊಮ್ಮಗ ಚೆಂಡು ನೋಡಿದ, ಕಂಚಿನ ಫಲಕಗಳ ಕೋಣೆಗೆ ಓಡಿದ, ಎರಡು ಸುತ್ತು ಹಾಕಿ ವಾಪಸ್ ಬಂದ. "ತಾತ, ಚೆಂಡು ಇದೆ, ಹೊಡೆದವನು ಎಲ್ಲಿ?" ಅಂದ. ಕಾರಿನಲ್ಲಿ ಮನೆ ಮುಟ್ಟುವವರೆಗೆ ಅದೇ ಚರ್ಚೆ. ಬಾಂಡ್ಸ್ ಹೊರಗಿರಲಿ ಅಂತ ಅಳಿಯ, ಚೆಂಡು ಒಳಗಿದ್ದ ಮೇಲೆ ಅವನೂ ಬರಲಿ ಅಂತ ನಾನು. ಅಡುಗೆಮನೆಗೂ ಆ ಜಗಳ ಬಂತು. ಮಗಳು ಪಾಪುಟ್ಟು ತಟ್ಟೆ ಟೇಬಲ್ ಮೇಲೆ ಕುಕ್ಕಿದ ಮೇಲೆ ನಿಂತಿತು.

ಆ ಕೋಣೆಯಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ರಾಬರ್ಟೋ ಕ್ಲೆಮೆಂಟೆ ಫಲಕದ ಎದುರು. 1972ರ ಕೊನೆಯ ದಿನ, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುವಾಗ ವಿಮಾನ ಬಿದ್ದು ಸತ್ತವನು. ಆಟ ಮುಗಿದ ಮೇಲೆ ಐದು ವರ್ಷ ಕಾಯುವ ನಿಯಮ ಬಿಟ್ಟು 1973ರಲ್ಲೇ ಸೇರಿಸಿಕೊಂಡರು. ಆದರೆ ಹೆಸರು ತಪ್ಪು ಕೆತ್ತಿದರು. ಅವನ ಊರಾದ ಪೋರ್ಟೊರಿಕೊ ಕಡೆ ಅಪ್ಪನ ಮನೆ ಹೆಸರು ಮೊದಲು, ಅಮ್ಮನದು ಕೊನೆಗೆ: ರಾಬರ್ಟೋ ಕ್ಲೆಮೆಂಟೆ ವಾಕರ್. ಇವರು ಅದನ್ನು ರಾಬರ್ಟೋ ವಾಕರ್ ಕ್ಲೆಮೆಂಟೆ ಮಾಡಿದ್ದರು. 2000ದಲ್ಲಿ ಹೊಸ ಫಲಕ ಎರಕ ಹೊಯ್ದು ಸರಿ ಮಾಡಿದರು. 27 ವರ್ಷ ಆದ ಮೇಲಾದರೂ ತಿದ್ದಿದರಲ್ಲ! ಯಾರಿಗೂ ಮುಖ್ಯ ಅಲ್ಲದ ಗೋಡೆಯಾಗಿದ್ದರೆ ಅಷ್ಟು ಖರ್ಚು ಯಾರು ಮಾಡುತ್ತಿದ್ದರು?

ಮನೆಪೆದ, ಅಂದರೆ ಮನೆತನದ ಹೆಸರು, ಮೊದಲು ಬರೆಯುವ ನಮಗೆ ಇದು ಗೊತ್ತಿರುವ ಸಂಕಟವೇ ಅಲ್ವಾ. 1971ರ ಒಂದು ಕ್ರೀಡಾಕೂಟದ ಸರ್ಟಿಫಿಕೇಟ್ ನನ್ನ ಹತ್ತಿರ ಇದೆ. ಬರೆದ ಗುಮಾಸ್ತ ಮನೆತನದ ಹೆಸರನ್ನು ಕೊನೆಗೆ ತಳ್ಳಿ, ನಡುವೆ ಇದ್ದ ಅಪ್ಪನ ಹೆಸರನ್ನು ಮುಂದೆ ತಂದು, ನನ್ನನ್ನು ಒಂದು ಇನಿಷಿಯಲ್ ಮಾಡಿ ಬಿಟ್ಟಿದ್ದಾನೆ. ಅದರ ಪ್ರಕಾರ ಬಹುಮಾನ ಗೆದ್ದದ್ದು ನನ್ನಪ್ಪ. ತಿದ್ದಿಸಲು ಎರಡು ಸಲ ಅಲೆದೆ, ಆಗಲಿಲ್ಲ.

ಅಂದ ಹಾಗೆ ಇಚಿರೋ ಕತೆ ಪೂರ್ತಿ ಹೇಳಲಿಲ್ಲ. ವೋಟು ಹಾಕದವನು ಮನೆಗೆ ಬರಲಿ, ಕೂತು ಕುಡಿಯೋಣ ಅಂತ ಜನವರಿಯಲ್ಲಿ ಕರೆದಿದ್ದ. ಜುಲೈ ಭಾಷಣದಲ್ಲಿ, ಆ ಆಹ್ವಾನದ ಅವಧಿ ಮುಗಿಯಿತು ಅಂದ. ಅದನ್ನು ಕೇಳಿದ ಮೇಲೆ ನನ್ನ ಕೋಪ ಇಳಿದದ್ದು.

ನಾಪೋಕ್ಲು ಲೆಫ್ಟ್ ಔಟ್:

ಸರ್ಟಿಫಿಕೇಟ್ ಯಾವುದರದ್ದು ಮಾಸ್ಟ್ರೇ, ಹಾಕಿಯದ್ದಾ?

ಕಿಗ್ಗಟ್ಟುನಾಡು ಮಾಸ್ಟರ್:

ಲಾಂಗ್ ಜಂಪ್. ಮೂರನೇ ಸ್ಥಾನ. ಅಪ್ಪನಿಗೆ ಗದ್ದೆಯ ಬದು ದಾಟಲೂ ಮಂಡಿ ನೋವು ಆಗ.