ಎಸ್‌ಟಿಪಿ ಪ್ಯಾನಲ್‌ನಲ್ಲಿ ತಾಮ್ರ ಕಪ್ಪಾಗ್ತಿದೆ, ಕಾಂಟ್ಯಾಕ್ಟರ್ ಬಾಳಿಕೆ ಬರ್ತಿಲ್ಲ

ಬೇಸ್‌ಮೆಂಟ್_ಬವಣೆ:
ಬೆಂಗಳೂರಿನ ಅಪಾರ್ಟ್‌ಮೆಂಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಬೇಸ್‌ಮೆಂಟಿನಲ್ಲಿದೆ. ಬ್ಲೋವರ್ ಪ್ಯಾನಲ್‌ನ ಕಾಂಟ್ಯಾಕ್ಟರನ್ನು (ಮೋಟಾರ್ ಆನ್-ಆಫ್ ಮಾಡುವ ಸ್ವಿಚ್) ಒಂದೇ ವರ್ಷದಲ್ಲಿ ಮೂರು ಸಲ ಬದಲಾಯಿಸಿದ್ದೇವೆ. ತಂತಿ ತುದಿಗೆ ಒತ್ತಿದ ಲಗ್ ಬಿಚ್ಚಿದರೆ ತಾಮ್ರದ ಎಳೆಗಳು ಇದ್ದಿಲಿನಂತೆ ಕಪ್ಪು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತೆ. ಎಲೆಕ್ಟ್ರಿಷಿಯನ್ "ತೇವ ಸರ್" ಅಂದರು, ಒಳಗೆ ಹೀಟರ್ ಹಾಕಿದೆವು, ಏನೂ ಉಪಯೋಗವಾಗಲಿಲ್ಲ. ಈಗ ಬೆಳ್ಳಿ ಲೇಪನದ ಬಸ್‌ಬಾರ್ (ಪ್ಯಾನಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ಹಾಕಿಸೋಣ ಅಂತ ಕಮಿಟಿಯವರು ಹೇಳ್ತಿದ್ದಾರೆ.

ಹಳೇ_ವೈರ್‌ಮನ್:
ಬೆಳ್ಳಿ ಬೇಡವೇ ಬೇಡ ಸರ್, ದುಡ್ಡು ದಂಡ. ಮೊದಲು ಎರಡು ವಿಷಯ ನೋಡಿ ಹೇಳಿ. ಕರೆಂಟೇ ಹರಿಯದ ಅರ್ತ್ ತಂತಿಯೂ ಕಪ್ಪಾಗಿದೆಯಾ? ಕೊಳಚೆ ಸಂಪಿನಿಂದ ಕೇಬಲ್ ಬರುವ ಪೈಪು ಪ್ಯಾನಲ್‌ನಲ್ಲಿ ಎಲ್ಲಿ ಬಾಯಿ ಬಿಟ್ಟಿದೆ?

ಬೇಸ್‌ಮೆಂಟ್_ಬವಣೆ:
ಅರ್ತ್ ತಂತಿನೂ ಕಪ್ಪು. ಆಪರೇಟರ್ ಕೈಯ ಬೆಳ್ಳಿ ಉಂಗುರ ಕೂಡ, ಈಗ ನೋಡಿದೆ! 2 ಇಂಚಿನ ಪಿವಿಸಿ ಪೈಪು ನೇರ ಪ್ಯಾನಲ್ ತಳಕ್ಕೆ ಬಂದಿದೆ, ಬಾಯಿ ಮುಚ್ಚಿಲ್ಲ.

ಹಳೇ_ವೈರ್‌ಮನ್:
ಕಳ್ಳ ಸಿಕ್ಕಿದ. ಲೂಸ್ ಜಾಯಿಂಟಿನ ಬಿಸಿಗೆ ಕಪ್ಪಾಗಿದ್ದರೆ ಅರ್ತ್ ತಂತಿ ಹಾಗಾಗುತ್ತಿರಲಿಲ್ಲ. ಇದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್. ಸಂಪಿನಲ್ಲಿ ನೀರು ಏರಿದಾಗಲೆಲ್ಲ ಮೇಲಿದ್ದ ಗಾಳಿ ಆ ಪೈಪಿನಲ್ಲಿ ನುಗ್ಗಿ ನಿಮ್ಮ ಪ್ಯಾನಲ್ ತುಂಬ್ತಿದೆ, ತಾಮ್ರ ಕಾಪರ್ ಸಲ್ಫೈಡ್ ಆಗ್ತಿದೆ. ಬೆಳ್ಳಿಗೂ ಈ ಗ್ಯಾಸಿಗೂ ಆಗಿಬರಲ್ಲ, ಕಾಂಟ್ಯಾಕ್ಟರಿನ ಪಾಯಿಂಟುಗಳಲ್ಲಿ ಇರೋದೂ ಬೆಳ್ಳಿನೇ ಅಲ್ವಾ.

ಮೇನ್ ಆಫ್ ಮಾಡಿಸಿ, ಪೈಪಿನ ಎರಡೂ ತುದಿಗೆ ಡಕ್ಟ್ ಸೀಲ್ ಪುಟ್ಟಿ ತುಂಬಿಸಿ, ಕೇಬಲಿಗೆ ಸರಿಯಾದ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂತು ಸಂದು ಮುಚ್ಚುವ ಬಿಡಿಭಾಗ) ಹಾಕಿಸಿ. ಕಪ್ಪು ತಂತಿಯನ್ನು ಸುಮ್ನೆ ಉಜ್ಜಿ ಬಿಡಬೇಡಿ, ಇನ್ಸುಲೇಷನ್ ಒಳಗೂ ಕಪ್ಪು ಏರಿರುತ್ತೆ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ತವರ ಲೇಪನದ ಲಗ್ ಒತ್ತಿಸಿ. ಸಂಪಿನ ಕಡೆಯ ತುದಿ ಮುಚ್ಚಲು ಯಾರನ್ನೂ ಒಳಗೆ ಇಳಿಸಬೇಡಿ, ಗ್ಯಾಸ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ.

ತವರದ_ತುಂಡು:
ಸೀಲ್ ಮಾಡೋಕೆ ವಿನೆಗರ್ ವಾಸನೆಯ ಸಿಲಿಕೋನ್ ಮಾತ್ರ ಬೇಡ, ಅದರ ಆಸಿಡ್ಡೇ ತಾಮ್ರ ತಿನ್ನುತ್ತೆ. ಆಸಿಡ್ ಬಿಡದ 'ನ್ಯೂಟ್ರಲ್ ಕ್ಯೂರ್' ಸಿಲಿಕೋನ್ ಅಂತ ಕೇಳಿ ತನ್ನಿ. ಮತ್ತೆ, ಉಜ್ಜಿ ಹೊಳಪು ಬರಿಸಿದ ಎರಡು ತಾಮ್ರದ ಪಟ್ಟಿ ತಗೊಂಡು ಒಂದನ್ನು ಪ್ಯಾನಲ್ ಒಳಗೆ, ಇನ್ನೊಂದನ್ನು ಹೊರಗೆ ತೂಗುಹಾಕಿ. ಲ್ಯಾಬಿನಲ್ಲೂ ಹೀಗೇ, 30 ದಿನ ಇಟ್ಟು ಪದರ ಅಳೀತಾರೆ. ಆ ಪದರ 300 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಒಳಗಿದ್ದರೆ ಜಿ1, ಅಂದರೆ ಅತಿ ಕಡಿಮೆ ತುಕ್ಕಿನ ದರ್ಜೆ, ಚಿಂತೆ ಇಲ್ಲ.

ಬೇಸ್‌ಮೆಂಟ್_ಬವಣೆ:
ಸೀಲ್ ಮಾಡಿ ಮೂರು ವಾರ ಆಯ್ತು. ಒಳಗಿನ ಪಟ್ಟಿ ತುಸು ಕಂದು ಅಷ್ಟೇ. ಹೊರಗಿನದು ಒಂಬತ್ತೇ ದಿನಕ್ಕೆ ಕಪ್ಪು, ಅಂದರೆ ರೂಮಿನ ಗಾಳಿಯಲ್ಲೇ ಗ್ಯಾಸ್ ಇದೆ. ಎಕ್ಸಾಸ್ಟ್ ಫ್ಯಾನಿಗೆ ಕಮಿಟಿ ಜೊತೆ ಜಗಳ ಶುರುವಾಗಿದೆ, ಆ ಪಟ್ಟಿಯನ್ನೇ ಮೀಟಿಂಗಿಗೆ ಒಯ್ತಿದ್ದೀನಿ.