ಪದಚರ್ಚೆ: ರಷ್ಯನ್ನಿನ ‘ಮೊಂತಾಜ್’ಗೆ ‘ಸಂಕಲನ’ ಸಾಕೇ?

ಬಳಗದವರಿಗೆ ನಮಸ್ಕಾರ.

ಮಗಳು ಬ್ರಿಟನ್ನಿನಲ್ಲಿ ಸಿನಿಮಾ ಅಧ್ಯಯನವನ್ನೂ ರಷ್ಯನ್ ಭಾಷೆ-ಸಂಸ್ಕೃತಿಯನ್ನೂ ಒಂದೇ ಪದವಿಯಲ್ಲಿ ಜೋಡಿಯಾಗಿ ಓದುತ್ತಿದ್ದಾಳೆ. ಅವಳ ಟಿಪ್ಪಣಿಗಳಲ್ಲಿ ಒಂದಷ್ಟನ್ನು ನಮ್ಮೂರಿನ ಚಿತ್ರಸಮಾಜದ ಗೆಳೆಯರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಮೊದಲನೆಯದು ‘ಮೊಂತಾಜ್’. (ಬರೆಯುವುದು ಹೀಗೆ, ರಷ್ಯನ್ನರ ಬಾಯಲ್ಲಿ ‘ಮಂತಾಶ್’ ಎಂದು ಕೇಳಿಸುತ್ತದೆ.) ಸಿನಿಮಾ ತರಗತಿಯ ಇಂಗ್ಲಿಷಿನಲ್ಲಿ ಎಡಿಟಿಂಗ್ ಬೇರೆ, ಮೊಂತಾಜ್ ಬೇರೆ. ಮೊಂತಾಜ್ ಎಂದರೆ ಒಂದೋ 1920ರ ದಶಕದ ಸೋವಿಯತ್ ಶೈಲಿ, ಇಲ್ಲವೇ ಹಾಡು ಮುಗಿಯುವುದರೊಳಗೆ ನಾಯಕ ಬಾಕ್ಸಿಂಗ್ ಕಲಿತುಬಿಡುವ ಹಾಲಿವುಡ್ ತುಣುಕು. ಪಕ್ಕದ ರಷ್ಯನ್ ತರಗತಿಗೆ ಹೋದರೆ ಈ ಭೇದವೇ ಇಲ್ಲ. ಯಾವ ಚಿತ್ರದ ಎಡಿಟಿಂಗೂ ಮೊಂತಾಜೇ. ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಕೂಡಿಸಿ ಯಂತ್ರ ನಿಲ್ಲಿಸುವುದೂ ಮೊಂತಾಜೇ, ಆ ಫಿಟ್ಟರ್ ‘ಮೊಂತಾಜ್ನಿಕ್’. ಸೋವಿಯತ್ ಚಿತ್ರನಿರ್ದೇಶಕ ಐಸೆನ್‌ಸ್ಟೈನ್ ಕೂಡ ಓದುತ್ತಿದ್ದ ಸಿವಿಲ್ ಎಂಜಿನಿಯರಿಂಗನ್ನು ಬಿಟ್ಟು ರಂಗಭೂಮಿಗೆ ಬಂದವನು. 1923ರ ಅವನ ‘ಆಕರ್ಷಣೆಗಳ ಮೊಂತಾಜ್’ ಲೇಖನವೂ ನಾಟಕದ ಕುರಿತದ್ದೇ.

ನಮ್ಮಲ್ಲಿ ಮಾತಿನಲ್ಲಿ ‘ಎಡಿಟಿಂಗ್’, ಟೈಟಲ್ ಕಾರ್ಡಿನಲ್ಲಿ ‘ಸಂಕಲನ’. ತೊಡಕು ಇರುವುದೇ ಇಲ್ಲಿ. ಸಂಕಲನವೆಂದರೆ ಕೂಡುವ ಲೆಕ್ಕ. 1929ರ ಒಂದು ಲೇಖನದಲ್ಲಿ ಐಸೆನ್‌ಸ್ಟೈನ್ ಚಿತ್ರಲಿಪಿಯ ಉದಾಹರಣೆ ಕೊಡುತ್ತಾನೆ: ‘ನಾಯಿ’ಯ ಗುರುತಿಗೆ ‘ಬಾಯಿ’ಯ ಗುರುತು ಸೇರಿದರೆ ‘ಬೊಗಳು’. (ಕನ್ನಡದಲ್ಲಿ ಪ್ರಾಸವೂ ಕೂತಿತು!) ಹೀಗೆ ಸೇರಿದಾಗ ಸಿಗುವುದು ಮೊತ್ತವಲ್ಲ, ಗುಣಲಬ್ಧ, ಮೊಂತಾಜ್ ಕೂಡ ಹಾಗೆಯೇ ಎಂಬುದು ಅವನ ವಾದ. ಇದನ್ನು ‘ಸಂಕಲನವು ಮೊತ್ತವಲ್ಲ’ ಎಂದು ಬರೆದರೆ, ಕೂಡುವುದು ಕೂಡುವುದಲ್ಲ ಎಂದಂತಾಗಿ ಓದುವವರು ನಗುತ್ತಾರೆ.

ನನ್ನ ಒಲವು ‘ಜೋಡಣೆ’ಯ ಕಡೆಗೆ. ಯಂತ್ರಕ್ಕೂ ಸಲ್ಲುತ್ತದೆ, ಅಚ್ಚಿನ ಮನೆಯ ‘ಅಕ್ಷರ ಜೋಡಣೆ’ಯೂ ಬೆನ್ನಿಗಿದೆ. ಆದರೆ ಇಷ್ಟು ವರ್ಷ ಸಂಕಲನಕಾರ ಎನಿಸಿಕೊಂಡವರನ್ನು ಈಗ ‘ಜೋಡಣೆಗಾರ’ ಎನ್ನಲು ನನಗಂತೂ ಬಾಯಿ ಬರುತ್ತಿಲ್ಲ.

ಎರಡನೆಯದು ‘ಕ್ರೂಪ್ನಿ ಪ್ಲಾನ್’, ಅಂದರೆ ಕ್ಲೋಸಪ್. ‘ಸಮೀಪ ಚಿತ್ರಿಕೆ’ ರೂಢಿಯಲ್ಲಿದೆ, ಮಾಮೂಲಿ ಬರಹಕ್ಕೆ ಅದು ಸಾಕು. ಆದರೆ ‘ಕ್ರೂಪ್ನಿ’ ಎಂದರೆ ಹತ್ತಿರದ್ದಲ್ಲ, ದೊಡ್ಡದು. ಅಮೆರಿಕದ ಚಿತ್ರನಿರ್ದೇಶಕ ಗ್ರಿಫಿತ್ ಬಗ್ಗೆ ಬರೆದ ಲೇಖನದಲ್ಲಿ ಐಸೆನ್‌ಸ್ಟೈನ್ ಇದನ್ನೇ ಹಿಡಿಯುತ್ತಾನೆ: ಅಮೆರಿಕದವರು ‘ಹತ್ತಿರ’ ಎನ್ನುತ್ತಾರೆ, ನಾವು ‘ದೊಡ್ಡದು’ ಎನ್ನುತ್ತೇವೆ, ಅವರಿಗೆ ನೋಟದ ದೂರ ಮುಖ್ಯ, ನಮಗೆ ಕಂಡದ್ದರ ಬೆಲೆ. ಅವನದೇ 1925ರ ಚಿತ್ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನಲ್ಲಿ ಹಡಗಿನ ವೈದ್ಯ ತನ್ನ ಮೂಗುಕನ್ನಡಕ ಮಡಚಿ ಮಾಂಸದ ಮೇಲೆ ಹಿಡಿಯುತ್ತಾನೆ, ಹುಳು ಮಿಜಿಗುಟ್ಟುವುದು ಪರದೆ ತುಂಬ ಕಾಣುತ್ತದೆ. ಆದರೂ ಮಾಂಸ ಚೆನ್ನಾಗಿದೆ ಎನ್ನುತ್ತಾನೆ. ಆಮೇಲೆ ನಾವಿಕರು ಅವನನ್ನು ಸಮುದ್ರಕ್ಕೆಸೆದಾಗ ಹಗ್ಗಕ್ಕೆ ಸಿಕ್ಕಿ ನೇತಾಡುವುದು ಆ ಕನ್ನಡಕ ಮಾತ್ರ. ಇಲ್ಲಿ ‘ಸಮೀಪ’ ತೀರ ಸಪ್ಪೆ. ‘ಹಿರಿಚಿತ್ರಿಕೆ’ ಎನ್ನಬಹುದೇ, ಅಥವಾ ಅದು ಹಿರಿತೆರೆಯ ಸಿನಿಮಾ ಎಂದು ಕೇಳಿಸೀತೇ?

(‘ಕಾದ್ರ್’, ಅಂದರೆ ಫ್ರೇಮ್, ಅದರ ಬಗ್ಗೆ ತಕರಾರಿಲ್ಲ, ‘ಚೌಕಟ್ಟು’ ಸಾಕು. ಅದೇ ಪದದ ಬಹುವಚನ ರಷ್ಯದ ಆಫೀಸುಗಳಲ್ಲಿ ಸಿಬ್ಬಂದಿ ಎಂಬ ಅರ್ಥ ಕೊಡುತ್ತದೆ, ನಮ್ಮ ಸರ್ಕಾರಿ ‘ಕೇಡರ್’ನ ದಾಯಾದಿ.)

ಕನ್ನಡದ ಹಳೆಯ ಸಿನಿಮಾ ಬರಹಗಳಲ್ಲಿ ಮೊಂತಾಜಿಗೆ ‘ಸಂಕಲನ’ವಲ್ಲದ ಬೇರೆ ಪದ ಕಂಡವರು ಇದ್ದರೆ, ವಾಕ್ಯ ಸಮೇತ ತಿಳಿಸಿ.