ಕನ್ನಡಕ ಇದ್ದರೆ ಪೈಲಟ್ ಆಗಬಹುದಾ? ಮೆಡಿಕಲ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ಮಗನ ಪಿಯುಸಿ ಮುಗಿದಿದೆ. ಕಮರ್ಷಿಯಲ್ ಪೈಲಟ್ ಆಗುವ ಆಸೆ. ಕನ್ನಡಕ ಇದೆ, ಮೈನಸ್ 2.5. ಮೊದಲು ಫೀಸ್ ಕಟ್ಟಿ, ಮೆಡಿಕಲ್ ಆಮೇಲೆ ನೋಡೋಣ ಅಂತ ಫ್ಲೈಯಿಂಗ್ ಸ್ಕೂಲಿನವರು ಹೇಳುತ್ತಿದ್ದಾರೆ. ನಾವು ಸಾಲ ಮಾಡಬೇಕು. ದಾವಣಗೆರೆಯವರು.

ಉತ್ತರ: ಮೆಡಿಕಲ್ ಆಗುವ ತನಕ ಫೀಸ್ ಕಟ್ಟಬೇಡಿ. ಇದನ್ನು ಮಾತ್ರ ದಯವಿಟ್ಟು ಕೇಳಿ. ಮೊದಲು ಡಿಜಿಸಿಎ (ಪೈಲಟ್ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ) ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಕ್ಲಾಸ್ 2 ಅನ್ನುವ ಮೊದಲ ಹಂತದ ಮೆಡಿಕಲ್ ಮಾಡಿಸಿ. ಆಮೇಲೆ ಅದಕ್ಕಿಂತ ಕಟ್ಟುನಿಟ್ಟಾದ ಕ್ಲಾಸ್ 1. ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1 ಇರಲೇಬೇಕು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಅದನ್ನು ಮಾಡುತ್ತಾರೆ. ರಕ್ತ, ಮೂತ್ರ, ಇಸಿಜಿ, ಎಕ್ಸ್‌ರೇ, ಕಿವಿಯ ಆಡಿಯೊಮೆಟ್ರಿ ಎಲ್ಲಾ ಇರುತ್ತದೆ.

ಕನ್ನಡಕಕ್ಕೆ ಹೆದರಬೇಡಿ. ಕನ್ನಡಕ ಹಾಕಿಕೊಂಡು ಒಂದೊಂದು ಕಣ್ಣಿಗೆ 6/9, ಎರಡೂ ಸೇರಿ 6/6 (ಸಾಮಾನ್ಯ ದೃಷ್ಟಿ) ಕಂಡರೆ ಸಾಕು. ಹಾರುವಾಗ ಇನ್ನೊಂದು ಜೊತೆ ಕನ್ನಡಕ ಕೈಗೆ ಸಿಗುವಂತೆ ಇರಬೇಕು, ಅಷ್ಟೇ. ಇದಕ್ಕಾಗಿ ಸುಮ್ನೆ ಲೇಸಿಕ್ (ಕನ್ನಡಕ ಬೇಡವಾಗಿಸುವ ಲೇಸರ್ ಆಪರೇಷನ್) ಮಾಡಿಸಲು ಓಡಬೇಡಿ. ಆಪರೇಷನ್ ಆದರೆ ಕಣ್ಣು ಸ್ಥಿರವಾಗುವ ತನಕ ಕಾಯಬೇಕಾಗುತ್ತದೆ.

ನನಗೆ ಜಾಸ್ತಿ ಚಿಂತೆ ಬಣ್ಣದ್ದು. ರನ್‌ವೇ ಪಕ್ಕದ PAPI ಅನ್ನುವ ಸೂಚಕ ದೀಪಗಳು ಕೆಂಪಾ ಬಿಳಿಯಾ ಅಂತ ನೋಡಿಯೇ ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿದೆಯೇ ಎಂದು ತಿಳಿಯುವುದು. ಕೆಂಪು-ಹಸಿರು ಗೊಂದಲ ಹೆಚ್ಚಾಗಿ ಗಂಡುಮಕ್ಕಳಲ್ಲೇ ಇರುತ್ತದೆ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ನಾಳೆಯೇ ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಇಶಿಹಾರ ಪುಸ್ತಕ (ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಪರೀಕ್ಷೆ) ಓದಿಸಿ. ಹತ್ತು ನಿಮಿಷದ ಕೆಲಸ.

ಪ್ರಶ್ನೆ: ನನ್ನದೂ ಒಂದು. ಮಗಳಿಗೆ ಎರಡನೇ ವಯಸ್ಸಿನಲ್ಲಿ ಜ್ವರ ಬಂದಾಗ ಫಿಟ್ಸ್ ಬಂದಿತ್ತು. ಮತ್ತೆ ಬಂದಿಲ್ಲ. ಪೈಲಟ್ ಮೆಡಿಕಲ್ ಫಾರ್ಮ್‌ನಲ್ಲಿ ಬರೆಯದಿದ್ದರೆ ನಡೆಯುತ್ತದಲ್ವಾ?

ಉತ್ತರ: ಇಲ್ಲ, ಬರೆಯಲೇಬೇಕು. ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಲೈಸೆನ್ಸೇ ಹೋಗಬಹುದು. ಮೆಡಿಕಲ್ ಒಂದೇ ಸಲ ಮುಗಿಯುವುದಲ್ಲ, ಕ್ಲಾಸ್ 1 ವರ್ಷಕ್ಕೊಮ್ಮೆ ಮಾಡಿಸಬೇಕು, 60 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ. ಚಿಕ್ಕ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ಬೇರೆ, ಮೂರ್ಛೆರೋಗ ಬೇರೆ. ಪರೀಕ್ಷೆ ಮಾಡುವವರಿಗೂ ಅದು ಗೊತ್ತು. ಆದರೆ ನಿರ್ಧಾರ ಅವರದೇ, ಕಾಗದ ನೋಡಿಯೇ ಮಾಡುತ್ತಾರೆ. ಆಗಿನ ಆಸ್ಪತ್ರೆ ಚೀಟಿ ಹುಡುಕಿ ಇಟ್ಟುಕೊಳ್ಳಿ. ನ್ಯೂರಾಲಜಿಸ್ಟ್ ಒಬ್ಬರಿಗೆ ತೋರಿಸಿ ವರದಿಯನ್ನೂ ತೆಗೆದುಕೊಂಡು ಹೋಗಿ.

ಮತ್ತೊಂದು, ನೆಗಡಿ ಇದ್ದಾಗ ಹೋಗಬೇಡಿ. ಕಿವಿ ಕಟ್ಟಿದ್ದರೆ 'ತಾತ್ಕಾಲಿಕ ಅನ್‌ಫಿಟ್' ಬರೆದು ವಾಪಸ್ ಕಳಿಸಬಹುದು. ಅದು ಶಾಶ್ವತ ಅನ್‌ಫಿಟ್ ಅಲ್ಲ, ಗುಣವಾದ ಮೇಲೆ ಮತ್ತೆ ಹೋಗಬಹುದು.